ಸೂರತ್‌ನ ಘಂಟಿಯ ಮುಂದೆ

ಸೂರತ್‌ಗೆ ಜನ ಸೀರೆಗೆಂದು ಹೋಗುತ್ತಾರೆ. ನಾನು ಹೋದದ್ದು ವಜ್ರಕ್ಕೆ ಸಾಣೆ ಹಿಡಿಯುವುದನ್ನು ನೋಡಲು. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಈ ಊರಿನ ಕೈ ದಾಟಿಯೇ ಅಂಗಡಿ ಸೇರುತ್ತವೆ.

ಪರಿಚಿತರೊಬ್ಬರು ಊರಿನ ವರಾಛಾ ಬಡಾವಣೆಯ ಒಂದು ಕಾರ್ಖಾನೆಗೆ ಕರೆದುಕೊಂಡು ಹೋದರು. ಮೊದಲು ಕೈಗಿಟ್ಟದ್ದು ಕಚ್ಚಾ ಹರಳು. ಮಂಕಾದ ಗಾಜಿನ ಚೂರಿನ ಹಾಗಿತ್ತು. ಇದನ್ನು ಎಲ್ಲಿ ಕೊಯ್ಯಬೇಕು ಎಂದು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಹೇಳುತ್ತದೆ, ಲೇಸರ್ ಕೊಯ್ಯುತ್ತದೆ. ಆಮೇಲಿನದು ಘಂಟಿಯ, ಅಂದರೆ ಸಾಣೆ ಹಿಡಿಯುವ ಮೇಜಿನ, ಕೆಲಸ.

ಘಂಟಿಯ ನಡುವೆ ರಭಸದಿಂದ ತಿರುಗುವ ಕಬ್ಬಿಣದ ತಟ್ಟೆ. ಅದಕ್ಕೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ. ವಜ್ರವನ್ನು ಸವೆಸಲು ವಜ್ರವೇ ಬೇಕು, ಅಲ್ವಾ? ಅದೂ ಎಲ್ಲ ದಿಕ್ಕಿಗೂ ಒಂದೇ ರೀತಿ ಗಟ್ಟಿ ಇರುವುದಿಲ್ಲ. ಸರಿಯಾದ ದಿಕ್ಕು ಸಿಗದಿದ್ದರೆ ಎಷ್ಟು ಉಜ್ಜಿದರೂ ಸುಮ್ನೆ. ಕುಶಲಕರ್ಮಿ ಒಂದು ಗಳಿಗೆ ಉಜ್ಜುತ್ತಾನೆ, ಕಲ್ಲನ್ನೆತ್ತಿ ಲೂಪ್ ಎಂಬ ಪುಟ್ಟ ಭೂತಗನ್ನಡಿಯಲ್ಲಿ ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. ಬ್ರಿಲಿಯಂಟ್ ಎಂಬ ದುಂಡು ಮಾದರಿಯ ಕಲ್ಲಿಗೆ ಹೀಗೆ 57 ಮುಖ.

ಎಲ್ಲವೂ ನಿಂತಿರುವುದು ಕೋನದ ಮೇಲೆ. ಮೇಲಿಂದ ಹೊಕ್ಕ ಬೆಳಕು ತಳದ ಒಂದು ಇಳಿಜಾರಿಗೆ ಬಡಿದು, ಎದುರಿನದಕ್ಕೆ ಹಾರಿ, ಮತ್ತೆ ನಮ್ಮ ಕಣ್ಣಿಗೇ ಬರಬೇಕು. ಅದಕ್ಕೆ ಇಳಿಜಾರು 41 ಡಿಗ್ರಿಯ ಆಸುಪಾಸಿನಲ್ಲಿರಬೇಕು. 1919ರಲ್ಲಿ ಇಂಜಿನಿಯರ್ ಮಾರ್ಸೆಲ್ ಟೊಲ್ಕೊವ್‌ಸ್ಕಿ ಲೆಕ್ಕ ಹಾಕಿ 40.75 ಎಂದಿದ್ದರು. ತಳ ತೀರಾ ಚಪ್ಪಟೆಯಾದರೆ ಬೆಳಕು ಕೆಳಗೆ ಸೋರುತ್ತದೆ. ತೀರಾ ಆಳವಾದರೆ ನಡುಭಾಗ ಕಪ್ಪಾಗಿ ಕಾಣುತ್ತದೆ.

ಮೇಲ್ವಿಚಾರಕರು ಒಂದೇ ತೂಕದ, ಒಂದೇ ಬಣ್ಣದ ಎರಡು ಕಲ್ಲು ಇಟ್ಟರು. ಒಂದು ಝಗಮಗ. ಇನ್ನೊಂದು ಚಿಕ್ಕದಾಗಿ, ಸಪ್ಪೆಯಾಗಿ ಕಂಡಿತು. "ಇದರ ತೂಕವೆಲ್ಲ ಹೊಟ್ಟೆಯಲ್ಲಿದೆ ಭಾಯ್" ಎಂದರು. ಒಂದು ಕ್ಯಾರಟ್, ಅಂದರೆ ಬರೀ 0.2 ಗ್ರಾಂ, ಮುಟ್ಟಿದರೆ ಸಾಕು, ಬೆಲೆ ಜಿಗಿಯುತ್ತದೆ. ಅದಕ್ಕಾಗಿ ತಳವನ್ನು ದಪ್ಪ ಬಿಡುತ್ತಾರೆ. ಕೋಟ್ಯಂತರ ವರ್ಷ ಭೂಮಿಯೊಳಗಿದ್ದ ಕಲ್ಲಿಗೆ ಇದು ಅನ್ಯಾಯ ಅಂತಲೇ ನನಗನ್ನಿಸಿತು. ಕೊಹಿನೂರನ್ನು 1852ರಲ್ಲಿ ಲಂಡನ್ನಿನಲ್ಲಿ ಮತ್ತೆ ಕತ್ತರಿಸಿದಾಗ ಸುಮಾರು 191 ಕ್ಯಾರಟ್ 105.6ಕ್ಕೆ ಇಳಿಯಿತು. ಹೊಳಪಿಗಾಗಿ ಅಷ್ಟು ತೂಕ ಬಿಟ್ಟುಕೊಟ್ಟರು.

ಮಧ್ಯಾಹ್ನ ಮಹಿಧರ್‌ಪುರದ ಹೀರಾ ಬಜಾರ್. ಬೀದಿಯಲ್ಲೇ ನಿಂತು, ಸ್ಕೂಟರ್ ಮೇಲೆ ಕೂತು, ಕಾಗದದ ಪೊಟ್ಟಣ ಬಿಚ್ಚಿ ವ್ಯಾಪಾರ. ನಮ್ಮ ಕಡೆ ಮೂಗುಬೊಟ್ಟು ಕೊಳ್ಳುವಾಗ ಮೊದಲು ಎಷ್ಟು ಸೆಂಟ್ (ಕ್ಯಾರಟ್‌ನ ನೂರನೇ ಒಂದು ಭಾಗ) ಎಂದು ಕೇಳುತ್ತೇವೆ ಎಂದೆ. ಅಲ್ಲಿದ್ದ ಹಿರಿಯ ವ್ಯಾಪಾರಿ ಹಾಗಲ್ಲವೆಂದು ತಲೆಯಾಡಿಸಿದರು. ಅಂಗಡಿಯ ಜೋರು ದೀಪದಡಿ ಎಲ್ಲ ಕಲ್ಲೂ ಹೊಳೆಯುತ್ತದೆ, ಬಾಗಿಲ ಹತ್ತಿರ ತಂದು ಹಗಲು ಬೆಳಕಲ್ಲಿ ತಿರುಗಿಸಿ ನೋಡಿ, ಸರ್ಟಿಫಿಕೇಟಿನಲ್ಲಿ ಕಟ್, ಅಂದರೆ ಕೊಯ್ತದ, ಬಗ್ಗೆ ಏನಿದೆ ಅಂತ ಓದಿ, ತೂಕ ಆಮೇಲೆ ಕೇಳಿ ಎಂದರು.