ಗಾಳಿ ಎಷ್ಟು ಬೇಕು? ಪ್ರೊಪೇನಿನಿಂದ ಇ20 ಪೆಟ್ರೋಲಿನವರೆಗೆ ಒಂದೇ ಲೆಕ್ಕ

ಗಾಳಿ-ಇಂಧನ ಅನುಪಾತ, ಅಂದರೆ ಒಂದು ಪಾಲು ಇಂಧನ ಪೂರ್ತಿ ಉರಿಯಲು ಎಷ್ಟು ಪಾಲು ಗಾಳಿ ಬೇಕು ಎಂದು ಕೇಳಿದರೆ ಹೆಚ್ಚಿನವರ ಬಾಯಿಗೆ ಬರುವುದು 14.7. ಅದು ಪೆಟ್ರೋಲಿನದು, ಅದರಲ್ಲೂ ಎಥೆನಾಲ್ ಬೆರೆಸದ ಪೆಟ್ರೋಲಿನದು, ಅದೂ ತೂಕದ ಲೆಕ್ಕದಲ್ಲಿ. ಎಲ್‌ಪಿಜಿ ಬರ್ನರಿಗೆ, ಫರ್ನೇಸ್ ಆಯಿಲ್ ಬಾಯ್ಲರಿಗೆ, ಈಗ ಬಂಕಿನಲ್ಲಿ ಹಾಕುವ, ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಅದು ಹೊಂದುವುದಿಲ್ಲ. ಲೆಕ್ಕಕ್ಕೆ ಪಿಯುಸಿ ರಸಾಯನಶಾಸ್ತ್ರ ಸಾಕು. ಜನ ಎಡವುವುದು ಬೇರೆ ಕಡೆ: ತೂಕವೋ ಗಾತ್ರವೋ, ಒಣ ಹೊಗೆಯೋ ತೇವದ ಹೊಗೆಯೋ, ಯಾವ ಊರಿನ ಗಾಳಿ ಎನ್ನುವುದನ್ನು ಕೇಳದೆ ಸಂಖ್ಯೆಯನ್ನು ಎತ್ತಿಕೊಂಡಾಗ.

ಪ್ರೊಪೇನಿನಿಂದ ಶುರು ಮಾಡೋಣ. ಅದರ ಅಣುವಿನಲ್ಲಿ 3 ಕಾರ್ಬನ್, 8 ಹೈಡ್ರೋಜನ್. ಒಂದು ಕಾರ್ಬನ್ ಪೂರ್ತಿ ಉರಿಯಲು ಒಂದು ಆಕ್ಸಿಜನ್ ಅಣು ಬೇಕು, ನಾಲ್ಕು ಹೈಡ್ರೋಜನ್ ಪರಮಾಣುಗಳಿಗೆ ಇನ್ನೊಂದು. ಅಂದರೆ 3 + 8/4 = 5 ಮೋಲ್ ಆಕ್ಸಿಜನ್. ಗಾಳಿಯಲ್ಲಿ ಗಾತ್ರದ ಪ್ರಕಾರ 21 ಪಾಲು ಆಕ್ಸಿಜನ್. ಉಳಿದ 79 ಪಾಲನ್ನು ನೈಟ್ರೋಜನ್ ಎಂದೇ ಹಿಡಿಯುತ್ತಾರೆ, ಆರ್ಗಾನ್ ಅದರೊಳಗೇ ಸೇರಿತು. ಹಾಗಾಗಿ ಒಂದು ಮೋಲ್ ಆಕ್ಸಿಜನ್ ತರಲು 4.76 ಮೋಲ್ ಗಾಳಿ ಬೇಕು. 5 × 4.76 = 23.8 ಮೋಲ್. ಗಾಳಿಯ ಒಂದು ಮೋಲ್ 28.97 ಗ್ರಾಂ ತೂಗುತ್ತದೆ, ಪ್ರೊಪೇನಿನದು 44.1 ಗ್ರಾಂ. 23.8 × 28.97 ÷ 44.1 = 15.6. ಒಂದು ಕೆಜಿ ಪ್ರೊಪೇನಿಗೆ 15.6 ಕೆಜಿ ಗಾಳಿ.

ಮೊದಲ ಗೊಂದಲ ಹುಟ್ಟುವುದು ಇಲ್ಲೇ. 23.8 ಕೂಡ ಗಾಳಿ-ಇಂಧನ ಅನುಪಾತವೇ, ಆದರೆ ಗಾತ್ರದಲ್ಲಿ; ಅನಿಲಗಳಲ್ಲಿ ಮೋಲಿನ ಲೆಕ್ಕವೇ ಗಾತ್ರದ ಲೆಕ್ಕ. ಮೀಥೇನಿಗೆ ಇದೇ ಲೆಕ್ಕ ಹಾಕಿದರೆ ಗಾತ್ರದಲ್ಲಿ 9.5, ತೂಕದಲ್ಲಿ 17.2 ಬರುತ್ತದೆ. ತೂಕದಲ್ಲಿ ಮೀಥೇನಿಗೆ ಗಾಳಿ ಹೆಚ್ಚು ಬೇಕು, ಗಾತ್ರದಲ್ಲಿ ಪ್ರೊಪೇನಿಗೆ ಹೆಚ್ಚು ಬೇಕು; ಎರಡೂ ನಿಜ. ಗ್ಯಾಸ್ ಮೀಟರ್ ಘನ ಮೀಟರಿನಲ್ಲಿ ಅಳೆಯುತ್ತದೆ, ಸಿಲಿಂಡರ್ ಕೆಜಿಯಲ್ಲಿ ಬರುತ್ತದೆ. ಯಾವುದರಿಂದ ಲೆಕ್ಕ ಶುರುವಾಯಿತು ಎಂಬುದನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳದಿದ್ದರೆ ಬ್ಲೋವರ್ ಆಯ್ಕೆಯೇ ತಪ್ಪುತ್ತದೆ.

ಬ್ಯೂಟೇನಿಗೆ ತೂಕದಲ್ಲಿ 15.4. ಎಲ್‌ಪಿಜಿ ಈ ಎರಡರ ಮಿಶ್ರಣ. 40 ಪಾಲು ಪ್ರೊಪೇನ್, 60 ಪಾಲು ಬ್ಯೂಟೇನ್ ಎಂದುಕೊಂಡರೆ 15.5 ಬರುತ್ತದೆ. ಪಾಲು ಅತ್ತಿತ್ತ ಆದರೂ ತೂಕದ ಅನುಪಾತ ಹೆಚ್ಚು ಕದಲುವುದಿಲ್ಲ. ಗಾತ್ರದಲ್ಲಿ ಮಾತ್ರ 23.8 ಎಲ್ಲಿ, ಬ್ಯೂಟೇನಿನ 31 ಎಲ್ಲಿ! ಮಿಶ್ರಣದ ಅನುಪಾತಗಳನ್ನು ಸರಾಸರಿ ಮಾಡುವಾಗ ಒಂದು ನಿಯಮ: ತೂಕದ ಅನುಪಾತಕ್ಕೆ ತೂಕದ ಪಾಲು, ಗಾತ್ರದ ಅನುಪಾತಕ್ಕೆ ಗಾತ್ರದ ಪಾಲು. ಕಲಬೆರಕೆ ಬೇಡ.

ಫರ್ನೇಸ್ ಆಯಿಲ್‌ನಂಥ ಇಂಧನಕ್ಕೆ ಅಣುಸೂತ್ರ ಇರುವುದಿಲ್ಲ, ಲ್ಯಾಬ್ ವರದಿಯಲ್ಲಿ ಶೇಕಡಾವಾರು ತೂಕ ಇರುತ್ತದೆ. ಆಗ ಕಾರ್ಬನ್ ಪಾಲನ್ನು 11.5ರಿಂದ, ಹೈಡ್ರೋಜನ್ ಪಾಲನ್ನು 34.5ರಿಂದ, ಗಂಧಕದ ಪಾಲನ್ನು 4.3ರಿಂದ ಗುಣಿಸಿ ಕೂಡಿಸಿ. ಕಾರ್ಬನ್ 86, ಹೈಡ್ರೋಜನ್ 11, ಗಂಧಕ 3 ಎಂದಿದ್ದರೆ 9.89 + 3.80 + 0.13 = 13.8. ಇಂಧನದಲ್ಲೇ ಆಕ್ಸಿಜನ್ ಇದ್ದರೆ ಅದರ ಎಂಟನೇ ಒಂದು ಭಾಗವನ್ನು ಹೈಡ್ರೋಜನ್ ಪಾಲಿನಿಂದ ಮೊದಲೇ ಕಳೆಯಬೇಕು.

ಉತ್ತರ ಸರಿಯೋ ಎಂದು ನೋಡಲು ಒಂದು ಸುಲಭದ ಉಪಾಯ ಇದೆ. ಇಂಧನದ ಕೆಳ ಉಷ್ಣಮೌಲ್ಯವನ್ನು (ಒಂದು ಕೆಜಿ ಉರಿದಾಗ ಸಿಗುವ ಶಾಖ, ಮೆಗಾಜೂಲಿನಲ್ಲಿ; ನೀರಾವಿ ಆವಿಯಾಗಿಯೇ ಹೋಯಿತು ಎಂದು ಹಿಡಿದು) ತೂಕದ ಅನುಪಾತದಿಂದ ಭಾಗಿಸಿ. ಮೀಥೇನಿಗೆ 50 ÷ 17.2 = 2.9, ಪ್ರೊಪೇನಿಗೆ 46.4 ÷ 15.6 = 3.0, ಎಥೆನಾಲಿಗೆ 26.8 ÷ 9 = 3.0. ಇಂಧನ ಯಾವುದಾದರೂ ಒಂದು ಕೆಜಿ ಗಾಳಿಗೆ ಸುಮಾರು 3 ಮೆಗಾಜೂಲ್. ಆಕ್ಸಿಜನ್ ಖರ್ಚಿಗೂ ಹುಟ್ಟುವ ಶಾಖಕ್ಕೂ ಇರುವ ಈ ನಂಟನ್ನು ಥಾರ್ನ್‌ಟನ್ ಎಂಬ ವಿಜ್ಞಾನಿ 1917ರಲ್ಲೇ ತೋರಿಸಿದ್ದರು. ನಿಮ್ಮ ಹೈಡ್ರೋಕಾರ್ಬನ್ ಲೆಕ್ಕದಲ್ಲಿ 13ರ ಹತ್ತಿರ ಬಂದರೆ ನೈಟ್ರೋಜನ್ ಬಿಟ್ಟಿದ್ದೀರಿ, 2 ಅಥವಾ 4 ಬಂದರೆ ಎಲ್ಲೋ ಲೆಕ್ಕ ತಪ್ಪಿದ್ದೀರಿ, ಇಲ್ಲವೇ ಏಕಮಾನ ಕಲಸಿದ್ದೀರಿ.

ಇಷ್ಟು ಕಾಗದದ ಮೇಲಿನ ಮಾತು. ಲೆಕ್ಕದಷ್ಟೇ ಗಾಳಿ ಕೊಟ್ಟರೆ ಯಾವ ಬರ್ನರೂ ಸ್ವಚ್ಛವಾಗಿ ಉರಿಯುವುದಿಲ್ಲ, ಏಕೆಂದರೆ ಮೂಲೆ ಮೂಲೆಯಲ್ಲೂ ಬೆರಕೆ ಸಮವಾಗಿರುವುದಿಲ್ಲ. ಸ್ವಲ್ಪ ಹೆಚ್ಚುವರಿ ಗಾಳಿ ಬೇಕೇ ಬೇಕು. ಅದು ಎಷ್ಟಿದೆ ಎಂದು ತಿಳಿಯುವುದು ಚಿಮಣಿಯಲ್ಲಿ ಉಳಿದ ಆಕ್ಸಿಜನ್‌ನಿಂದ. ಎಲ್ಲರೂ ಬಳಸುವ ಸೂತ್ರ: ಆಕ್ಸಿಜನ್ ಶೇಕಡಾವನ್ನು, 20.9ರಿಂದ ಅದನ್ನೇ ಕಳೆದು ಉಳಿದದ್ದರಿಂದ ಭಾಗಿಸುವುದು. 3% ಇದ್ದರೆ 3 ÷ 17.9, ಅಂದರೆ 16.8% ಹೆಚ್ಚುವರಿ ಗಾಳಿ.

ಈ ಸೂತ್ರ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಒಳಹೋದ ಗಾಳಿಯಷ್ಟೇ ಗಾತ್ರದ ಒಣ ಹೊಗೆ (ನೀರಾವಿ ಬಿಟ್ಟು ಉಳಿದದ್ದು) ಹೊರಬರುತ್ತದೆ ಎಂದು ಅದು ನಂಬಿದೆ. ಪ್ರೊಪೇನಿನಲ್ಲಿ 23.8 ಮೋಲ್ ಗಾಳಿ ಒಳಹೋದರೆ ಹೊರಬರುವ ಒಣ ಹೊಗೆ 3 ಮೋಲ್ ಕಾರ್ಬನ್ ಡೈಆಕ್ಸೈಡ್, 18.8 ಮೋಲ್ ನೈಟ್ರೋಜನ್, ಒಟ್ಟು 21.8. ಆದ್ದರಿಂದ ಉತ್ತರವನ್ನು 21.8 ÷ 23.8, ಅಂದರೆ 0.92ರಿಂದ ಗುಣಿಸಬೇಕು, ಆಗ ಸುಮಾರು 15.4% ಬರುತ್ತದೆ, ನಿಜವಾದ ಗಾಳಿ-ಇಂಧನ ಅನುಪಾತ 15.6 × 1.154 = 18. ಮೀಥೇನಿಗೆ ಈ ಗುಣಕ 0.9, ಫರ್ನೇಸ್ ಆಯಿಲ್‌ಗೆ 0.94. ದಿನನಿತ್ಯದ ಟ್ಯೂನಿಂಗಿಗೆ ಇಷ್ಟು ಸೂಕ್ಷ್ಮ ಬೇಕಿಲ್ಲ, ಆದರೆ ದಕ್ಷತೆಯ ವರದಿ ಬರೆಯುವವರಿಗೆ ಬೇಕು.

ಇದಕ್ಕಿಂತ ದೊಡ್ಡ ತಪ್ಪು ಒಣ-ತೇವದ್ದು. ಕೈಯಲ್ಲಿ ಹಿಡಿಯುವ ಅನಲೈಸರ್ ಹೊಗೆಯನ್ನು ಎಳೆದು, ತಣಿಸಿ, ನೀರನ್ನು ಬೇರ್ಪಡಿಸಿ ಅಳೆಯುತ್ತದೆ. ಅದು ಒಣ ಓದು. ಚಿಮಣಿಯೊಳಗೇ ಕೂರಿಸಿದ, ಆಕ್ಸಿಜನ್ ಅಳೆಯುವ ಜಿರ್ಕೋನಿಯಾ ಪ್ರೋಬ್ ನೀರಾವಿಯ ಸಮೇತ ಅಳೆಯುತ್ತದೆ. ಪ್ರೊಪೇನಿನಲ್ಲಿ ಪ್ರತಿ ಮೋಲಿಗೆ 4 ಮೋಲ್ ನೀರಾವಿ ಹುಟ್ಟುತ್ತದೆ, ಅದು ಆಕ್ಸಿಜನ್ ಶೇಕಡಾವನ್ನು ಕೆಳಗೆ ತಳ್ಳುತ್ತದೆ. ತೇವದ ಹೊಗೆಯಲ್ಲಿ 3% ಎಂದರೆ ಹೆಚ್ಚುವರಿ ಗಾಳಿ 18% ಹತ್ತಿರ. ಎರಡು ಉಪಕರಣ ಎರಡು ಸಂಖ್ಯೆ ತೋರಿಸಿದಾಗ ಕ್ಯಾಲಿಬ್ರೇಷನ್ ಕೆಟ್ಟಿದೆ ಎಂದು ಜಗಳಕ್ಕೆ ನಿಲ್ಲುವ ಮೊದಲು ಇದನ್ನು ನೋಡಿ.

ಮೂರನೆಯದು ಸೋರುವ ಗಾಳಿ. ಒಳಗೆ ಋಣ ಒತ್ತಡ ಇರುವ ಬಾಯ್ಲರಿನಲ್ಲಿ ಬಾಗಿಲಿನ ಗ್ಯಾಸ್ಕೆಟ್ ಸವೆದಿದ್ದರೆ, ಡಕ್ಟಿನ ಜಾಯಿಂಟ್ ಬಿಟ್ಟಿದ್ದರೆ ಹೊರಗಿನ ಗಾಳಿ ಜ್ವಾಲೆಯನ್ನು ಮುಟ್ಟದೆ ನೇರವಾಗಿ ಹೊಗೆಗೆ ಸೇರುತ್ತದೆ. ಪ್ರೋಬ್ 6% ತೋರಿಸುತ್ತದೆ. ಗಾಳಿ ಜಾಸ್ತಿಯಾಯಿತೆಂದು ಆಪರೇಟರ್ ಡ್ಯಾಂಪರ್ (ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಕವಾಟ) ಮುಚ್ಚುತ್ತಾರೆ. ಬರ್ನರಿನ ಬಾಯಲ್ಲಿ ಆಕ್ಸಿಜನ್ ಮೊದಲೇ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ, ಟ್ಯೂಬುಗಳಿಗೆ ಮಸಿ ಹಿಡಿಯುತ್ತದೆ. ಅದಕ್ಕೇ ಆಕ್ಸಿಜನ್ ಒಂದನ್ನೇ ನೋಡಿ ಡ್ಯಾಂಪರ್ ಮುಟ್ಟಬಾರದು. ಆಕ್ಸಿಜನ್ ಹೆಚ್ಚು, ಮೊನಾಕ್ಸೈಡೂ ಹೆಚ್ಚು ಎಂದರೆ ಸೋರಿಕೆ ಅಥವಾ ಬೆರಕೆಯ ದೋಷ. ಗಾಳಿಯ ಪ್ರಮಾಣ ಬದಲಿಸಿದರೆ ಅದು ಗುಣವಾಗದು. ಹೊಗೆಯಲ್ಲಿ ಮೊನಾಕ್ಸೈಡ್ ಗಣನೀಯವಾಗಿದ್ದರೆ ಅದರ ಅರ್ಧವನ್ನು ಆಕ್ಸಿಜನ್ ಓದಿನಿಂದ ಕಳೆದೇ ಸೂತ್ರಕ್ಕೆ ಹಾಕಬೇಕು, ಏಕೆಂದರೆ ಅದು ಇನ್ನೂ ಉರಿಯಬೇಕಿದ್ದ ಇಂಧನ.

ಗಾಳಿಯ ಊರಿನ ವಿಷಯ. ಗಂಟೆಗೆ 10 ಕೆಜಿ ಡೀಸೆಲ್ ಉರಿಸುವ ಬರ್ನರ್ ಎಂದುಕೊಳ್ಳಿ, ಅನುಪಾತ 14.5, ಹೆಚ್ಚುವರಿ 15%. ಬೇಕಾದ ಗಾಳಿ 167 ಕೆಜಿ. ಮಂಗಳೂರಿನಲ್ಲಿ 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಒಣ ಗಾಳಿ 1.16 ಕೆಜಿ ತೂಗುತ್ತದೆ, 144 ಘನ ಮೀಟರ್ ಸಾಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಅದೇ ಉಷ್ಣತೆಯಲ್ಲಿ 1.04 ಕೆಜಿ, 160 ಘನ ಮೀಟರ್ ಬೇಕು. ಬ್ಲೋವರ್ ತಳ್ಳುವುದು ಗಾತ್ರವನ್ನು, ತೂಕವನ್ನಲ್ಲ. ಡೀಸೆಲ್ ಪಂಪಿಗೆ ಎತ್ತರ ಗೊತ್ತಾಗುವುದಿಲ್ಲ. ಕರಾವಳಿಯಲ್ಲಿ ಸೆಟ್ ಮಾಡಿದ ಬರ್ನರನ್ನು ಹಾಗೇ ಬೆಂಗಳೂರಿಗೆ ತಂದರೆ 15% ಹೆಚ್ಚುವರಿ ಗಾಳಿ 3%ಗೆ ಕುಸಿದು ಹೊಗೆ ಕಪ್ಪಾಗುತ್ತದೆ. ಕರಾವಳಿಯ ಮಳೆಗಾಲಕ್ಕೂ ಅದರದೇ ಸುಂಕ ಇದೆ: 30 ಡಿಗ್ರಿ, 90% ತೇವಾಂಶದಲ್ಲಿ ಗಾಳಿಯ 3.8% ಗಾತ್ರ ನೀರಾವಿಯೇ, ಆಕ್ಸಿಜನ್ 20.9ರಿಂದ 20.1ಕ್ಕೆ ಇಳಿದಿರುತ್ತದೆ.

ಇನ್ನು ಪೆಟ್ರೋಲ್. ಶುದ್ಧ ಆಕ್ಟೇನಿಗೆ 15.1, ಟಾಲ್ಯೂಯೀನಿಗೆ 13.5, ಪೆಟ್ರೋಲಿನಲ್ಲಿ ಇಂಥವು ಹಲವು ಬೆರೆತಿರುವುದರಿಂದ 14.7ರ ಆಸುಪಾಸು. ಎಥೆನಾಲಿನ ಅಣುವಿನಲ್ಲಿ 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್. ಆ ಒಂದು ಪರಮಾಣು ಅರ್ಧ ಮೋಲ್ ಉಳಿಸುತ್ತದೆ. 2 + 1.5 − 0.5 = 3 ಮೋಲ್, ಅನುಪಾತ 9. ಇ20 ಎಂದರೆ ಗಾತ್ರದಲ್ಲಿ 20%. ಎಥೆನಾಲಿನ ಸಾಂದ್ರತೆ 0.789, ಪೆಟ್ರೋಲಿನದು 0.74 ಎಂದಿಟ್ಟುಕೊಂಡರೆ ತೂಕದಲ್ಲಿ 21%. 0.21 × 9 + 0.79 × 14.7 = 13.5.

ಕಾರ್ಬ್ಯುರೇಟರಿನ ಹಳೆಯ ಬೈಕಿನಲ್ಲಿ ಜೆಟ್ ಬದಲಿಸದೆ ಇ20 ಹಾಕಿದರೆ ಮಿಶ್ರಣ 7–8% ಲೀನ್ ಆಗುತ್ತದೆ, ಅಂದರೆ ಗಾಳಿಗೆ ಇಂಧನ ಸಾಲದು. ತೂಕದಲ್ಲಿ 9% ಕೊರತೆ ಆಗಬೇಕಿತ್ತು, ಇ20 ತುಸು ಭಾರ ಇರುವುದರಿಂದ ಅಷ್ಟು ಆಗುವುದಿಲ್ಲ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ತಾನೇ ಇಂಧನ ಹೆಚ್ಚಿಸಿ ಸರಿದೂಗಿಸುತ್ತದೆ, ಫ್ಯುಯೆಲ್ ಟ್ರಿಮ್‌ನಲ್ಲಿ (ಇಂಜೆಕ್ಷನ್ ಕಂಪ್ಯೂಟರ್ ಇಂಧನಕ್ಕೆ ಮಾಡುವ ತಿದ್ದುಪಡಿಯ ಓದಿನಲ್ಲಿ) ಅದು ಕಾಣುತ್ತದೆ.

ಟ್ಯೂನ್ ಮಾಡುವವರು ವೈಡ್‌ಬ್ಯಾಂಡ್ ಗೇಜ್ (ಸೈಲೆನ್ಸರಿನ ಹೊಗೆಯಿಂದ ಗಾಳಿ-ಇಂಧನ ಅನುಪಾತ ತೋರಿಸುವ ಮೀಟರ್) ಓದುವಾಗ ಎಚ್ಚರ ಇರಲಿ. ಸೆನ್ಸರಿಗೆ ತಿಳಿಯುವುದು ಲ್ಯಾಂಬ್ಡಾ ಮಾತ್ರ, ಅಂದರೆ ನಿಜವಾಗಿ ಇರುವ ಗಾಳಿಯನ್ನು ಬೇಕಾದ ಗಾಳಿಯಿಂದ ಭಾಗಿಸಿದ ಸಂಖ್ಯೆ. ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಟ್ಯಾಂಕಿನಲ್ಲಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಇ20 ಉರಿಯುವಾಗ ಗೇಜಿನ 14.7 ಎಂದರೆ ನಿಜವಾಗಿ 13.5, ಅದೇ ಸರಿಯಾದ ಜಾಗ. ಲೆಕ್ಕ ಮಾಡಿ 13.5 ಎಂದು ಕಂಡುಕೊಂಡು ಗೇಜನ್ನೂ 13.5ಕ್ಕೆ ತಂದು ನಿಲ್ಲಿಸಿದರೆ ಲ್ಯಾಂಬ್ಡಾ 0.92 ಆಗಿ ಮಿಶ್ರಣ ರಿಚ್ ಆಗುತ್ತದೆ (ಗಾಳಿಗಿಂತ ಇಂಧನ ಹೆಚ್ಚು), ಮೈಲೇಜು ಹೋಗುತ್ತದೆ, ಹೊಗೆ ತಪಾಸಣೆಯಲ್ಲಿ ಮೊನಾಕ್ಸೈಡ್ ಎದ್ದು ಕಾಣುತ್ತದೆ. ಗೇಜಿನ ಸೆಟ್ಟಿಂಗನ್ನು ಲ್ಯಾಂಬ್ಡಾಕ್ಕೆ ಬದಲಿಸಿ 1.00 ನೋಡುವುದೇ ಲೇಸು.