ಟೆಕ್ನೋದಲ್ಲಿ ಎಲೆಮರೆಯ ಕಾಯಿ ಯಾರು ಎಂದು ಕೇಳುವವರಿಗೆ

ಹೌಸ್ ಮತ್ತು ಟೆಕ್ನೋ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತದಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲದೇ ಹೋದ ಪ್ರೊಡ್ಯೂಸರ್‌ಗಳು ಯಾರು? ಈ ಸಂಗೀತದ ರೆಕಾರ್ಡುಗಳನ್ನು ಕೂಡಿಡುವವನು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆ ಇದು. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಮೆಟ್ರೋದಲ್ಲಿ ನಿಂತಿದ್ದಾಗ ಕೇಳಿದ್ದಾರೆ, ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದು ಮುಗಿಸುತ್ತೇನೆ. ಆಂಟನಿ ಶಾಕಿರ್. ಕೆಲ್ಲಿ ಹ್ಯಾಂಡ್. ಮೈಕ್ ಹಕಬಿ. ಮೂವರೂ ಅಮೆರಿಕದ ಡೆಟ್ರಾಯಿಟ್ ನಗರದವರು. ಹೆಸರಷ್ಟೇ ಬೇಕಿದ್ದವರು ಇಲ್ಲಿಗೇ ಎದ್ದು ಹೋಗಬಹುದು.

ಉಳಿದವರಿಗೆ ಸ್ವಲ್ಪ ಹಿನ್ನೆಲೆ. ಹೌಸ್ ಹುಟ್ಟಿದ್ದು ಷಿಕಾಗೋದಲ್ಲಿ, ಟೆಕ್ನೋ ಡೆಟ್ರಾಯಿಟ್‌ನಲ್ಲಿ. ಎರಡೂ 1980ರ ದಶಕದಲ್ಲಿ, ಬಹುಪಾಲು ಕಪ್ಪು ಯುವಜನರ ಕೈಯಲ್ಲಿ ರೂಪುಗೊಂಡವು. ಇಲ್ಲಿ ಪ್ರೊಡ್ಯೂಸರ್ ಆದವರು ಸಿನಿಮಾದವರಂತೆ ಹಣ ಹೂಡುವವರಲ್ಲ, ತಾಳ, ಸ್ವರ, ಮಿಶ್ರಣ ಎಲ್ಲವನ್ನೂ ತಾವೇ ಕಟ್ಟುವವರು. ಟೆಕ್ನೋ ಎಂಬ ಹೆಸರು ಜಗತ್ತಿಗೆ ತಲುಪಿದ್ದು 1988ರಲ್ಲಿ, ‘ಟೆಕ್ನೋ! ದ ನ್ಯೂ ಡಾನ್ಸ್ ಸೌಂಡ್ ಆಫ್ ಡೆಟ್ರಾಯಿಟ್’ ಎಂಬ ಸಂಕಲನ ಬ್ರಿಟನ್‌ನಲ್ಲಿ ಹೊರಬಂದಾಗ. ಅದರ ಕಥೆ ಹೇಳುವವರೆಲ್ಲ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಸಹಪಾಠಿಗಳಲ್ಲಿ ಶುರು ಮಾಡಿ ಅವರಲ್ಲಿಯೇ ಮುಗಿಸುತ್ತಾರೆ. ಅದೇ ಸಂಕಲನದಲ್ಲಿ ಎಡ್ಡಿ ಫೌಲ್ಕ್ಸ್ ಇದ್ದಾರೆ. ‘ಸೀಕ್ವೆನ್ಸ್ 10’ ಎಂಬ ರಚನೆಯೊಂದಿಗೆ ಆಂಟನಿ ಶಾಕಿರ್ ಕೂಡ ಇದ್ದಾರೆ. ಮೊದಲ ದಿನದಿಂದಲೇ ಮನೆಯೊಳಗಿದ್ದವರನ್ನು ಮನೆಯ ಚಿತ್ರದಿಂದ ಬಿಟ್ಟುಬಿಟ್ಟರು.

ಶಾಕಿರ್ ಅವರ ಡ್ರಮ್ಮುಗಳನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಟೆಕ್ನೋ ಎಂದರೆ ನೆಟ್ಟಗೆ ಬೀಳುವ ನಾಲ್ಕು ಪೆಟ್ಟು ಎಂದುಕೊಂಡವರಿಗೆ ಅವರಲ್ಲಿ ಕಾಲು ಎಡವುತ್ತದೆ. ಹಿಪ್‌ಹಾಪ್‌ನ ಹಾಗೆ ಹಳೆಯ ಹಾಡುಗಳ ತುಣುಕುಗಳನ್ನು ಕತ್ತರಿಸುತ್ತಾರೆ, ಪೆಟ್ಟನ್ನು ಕೂದಲೆಳೆಯಷ್ಟು ಹಿಂದೆ ಹಾಕುತ್ತಾರೆ, ಕಿವಿ ಮುಂದಕ್ಕೆ ವಾಲಿ ಅದಕ್ಕಾಗಿ ಕಾಯುವಂತೆ ಮಾಡುತ್ತಾರೆ. 1995ರಲ್ಲಿ ಫ್ರಿಕ್ಷನಲ್ ಎಂಬ ಸ್ವಂತ ಲೇಬಲ್, ಅಂದರೆ ರೆಕಾರ್ಡು ಹೊರತರುವ ಸಂಸ್ಥೆ, ಕಟ್ಟಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಅವರನ್ನು ಹಿಡಿಯಿತು, ಆದರೂ ಸಂಗೀತ ನಿಲ್ಲಿಸಲಿಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ರಷ್ ಅವರ್ ಸಂಸ್ಥೆ ಅವರ ಹದಿನೈದು ವರ್ಷಗಳ ಕೆಲಸವನ್ನು ‘ಫ್ರಿಕ್ಷನಲಿಸಂ’ ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿತು. ಅಲ್ಲಿಂದ ಶುರುಮಾಡಿ.

ಈ ಉತ್ತರವನ್ನು ನಾನು ಬೆಂಗಳೂರಿನ ಒಂದು ಚಿಕ್ಕ ಕೂಟದಲ್ಲಿ ಒಬ್ಬ ಯುವಕನಿಗೆ ಕೊಟ್ಟಿದ್ದೆ. ‘ಸರ್, ಯಾರಿಗೂ ಗೊತ್ತಿಲ್ಲದ ಒಂದು ಹೆಸರು ಹೇಳಿ’ ಎಂದು ಕೇಳಿದ್ದ. ನಾನು ಹೆಸರು ಹೇಳಿ ಮುಗಿಸುವ ಮೊದಲೇ ಮೊಬೈಲ್ ತೆಗೆದು ಹುಡುಕಿದ. ಹಾಡು ಕೇಳಲಿಕ್ಕಲ್ಲ, ತಿಂಗಳಿಗೆ ಎಷ್ಟು ಮಂದಿ ಕೇಳುತ್ತಾರೆ ಎಂಬ ಅಂಕಿ ನೋಡಲಿಕ್ಕೆ. ಮುಖ ಸಪ್ಪಗಾಯಿತು. ‘ಇವರನ್ನು ಸಾಕಷ್ಟು ಜನ ಕೇಳುತ್ತಾರಲ್ಲ ಸರ್, ಬೇರೆ ಯಾರಾದರೂ?’ ಎಂದ. ಸಂತೆಯಲ್ಲಿ ಬದನೆಕಾಯಿಯನ್ನು ಒತ್ತಿ ನೋಡಿ ಬುಟ್ಟಿಗೆ ವಾಪಸು ಎಸೆದಂತೆ ಒಬ್ಬ ಮನುಷ್ಯನ ಜೀವಮಾನದ ದುಡಿಮೆಯನ್ನು ಎಸೆದುಬಿಟ್ಟ. ಅವನಿಗೆ ಬೇಕಿದ್ದದ್ದು ಸಂಗೀತವಲ್ಲ, ಮುಂದಿನ ಕೂಟದಲ್ಲಿ ತಾನು ಹೇಳಿಕೊಳ್ಳಬಹುದಾದ ಅಪರೂಪದ ಹೆಸರು. ಯಾರಿಗೂ ಗೊತ್ತಿಲ್ಲದಿರುವುದು ಕಲಾವಿದನ ಗುಣವಲ್ಲ, ಅವನಿಗಾದ ನಷ್ಟ. ಆ ನಷ್ಟವನ್ನು ಆಭರಣದಂತೆ ತೊಟ್ಟುಕೊಂಡು ಓಡಾಡುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ. ಶಾಕಿರ್ ಅವರನ್ನು ನಾಳೆ ಕೋಟಿ ಜನ ಕೇಳಿದರೆ ನನ್ನಷ್ಟು ಸಂತೋಷಪಡುವವನು ಇನ್ನೊಬ್ಬನಿಲ್ಲ.

ಇನ್ನೊಂದು ಗುಂಪಿನವರು ಉತ್ತರವನ್ನು ಕಿಸೆಯಲ್ಲಿಟ್ಟುಕೊಂಡೇ ಪ್ರಶ್ನೆ ಕೇಳುತ್ತಾರೆ. ‘ಆಸಿಡ್ ಹೌಸ್ ಕಂಡುಹಿಡಿದವರು ನಮ್ಮ ಚರಣ್‌ಜಿತ್ ಸಿಂಗ್ ಅಲ್ಲವೇ? ಅವರನ್ನು ಯಾಕೆ ಹೇಳುವುದಿಲ್ಲ?’ ಆಸಿಡ್ ಹೌಸ್ ಎಂದರೆ ಹೌಸ್‌ನ ಒಂದು ಬಗೆ, ಟಿಬಿ-303 ಎಂಬ ಯಂತ್ರದ ಕಿರುಚುವ ಧ್ವನಿ ಅದರ ಗುರುತು. ಹೇಳುತ್ತೇನೆ, ಆದರೆ ನೀವು ಹೇಳುವ ರೀತಿಯಲ್ಲಿ ಅಲ್ಲ. ಮುಂಬಯಿಯ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು, ಅಂದರೆ ವಿದ್ಯುತ್ತಿನಿಂದ ಧ್ವನಿ ಹುಟ್ಟಿಸುವ ಜುಪಿಟರ್-8 ಸಿಂಥಸೈಸರ್, ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರಗಳನ್ನು, ಇಟ್ಟುಕೊಂಡು ಡಿಸ್ಕೋ ತಾಳದ ಮೇಲೆ ಹತ್ತು ರಾಗಗಳನ್ನು ಧ್ವನಿಮುದ್ರಿಸಿದರು. ಭೈರವ್, ಲಲಿತ್, ತೋಡಿ, ಮಾಲ್ಕೌಂಸ್ ಎಲ್ಲವೂ ಅದರಲ್ಲಿವೆ. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರು ಮರುಮುದ್ರಿಸಿದ ಮೇಲೆ ಜಗತ್ತು ತಿರುಗಿ ನೋಡಿತು. ನಾವೂ ಆಗಲೇ ನೋಡಿದ್ದು.

ಆಸಿಡ್ ಹೌಸ್‌ಗೆ ಹೆಸರು ಕೊಟ್ಟ, ಷಿಕಾಗೋದ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಹೊರಬಂದದ್ದು 1987ರಲ್ಲಿ. ಅವರು ಮುಂಬಯಿಯ ರೆಕಾರ್ಡ್ ಕೇಳಿ ಇದನ್ನು ಮಾಡಿದರು ಎನ್ನಲು ಯಾವ ಆಧಾರವೂ ಇಲ್ಲ. ಗಿಟಾರ್ ವಾದಕರಿಗೆ ಒತ್ತಾಸೆಯಾಗಿ ಬೇಸ್ ನುಡಿಸಲಿ ಎಂದು ತಯಾರಾದ 303 ಮಾರಾಟದಲ್ಲಿ ಸೋತು 1984ರ ಹೊತ್ತಿಗೆ ನಿಂತುಹೋಗಿತ್ತು. ಹಾಗೆ ಅಗ್ಗವಾಗಿ ಸಿಕ್ಕ ಯಂತ್ರದ ಗುಂಡಿಗಳನ್ನು ಅವರು ತಿರುವುತ್ತಾ ಹೋದಾಗ ಆ ಕಿರುಚುವ, ಕರಗುವ ಧ್ವನಿ ಹುಟ್ಟಿತು. ಎರಡು ಊರು, ಎರಡು ಉದ್ದೇಶ, ಒಂದೇ ಯಂತ್ರ.

ಸಿಂಗ್ ಅವರು ಮಾಡಿದ್ದು ಇದಕ್ಕಿಂತ ಸ್ವಾರಸ್ಯಕರವಾದದ್ದು ಎಂಬುದೇ ನನ್ನ ವಾದ. 303ರಲ್ಲಿ ಸ್ವರಗಳನ್ನು ಒಂದು ಸುತ್ತಿನಲ್ಲಿ, ಅವುಗಳ ಕಾಲವನ್ನು ಇನ್ನೊಂದು ಸುತ್ತಿನಲ್ಲಿ ಬೇರೆಬೇರೆಯಾಗಿ ತುಂಬಬೇಕು. ಅದೊಂದು ತಲೆನೋವಿನ ಕೆಲಸ. ಪ್ರತಿ ಸ್ವರಕ್ಕೂ ‘ಸ್ಲೈಡ್’ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಒಂದು ಸ್ವರ ಮುಂದಿನದಕ್ಕೆ ಜಾರುತ್ತದೆ. ಹಿಂದೂಸ್ತಾನಿ ಕಿವಿಗೆ ಅದು ಮೀಂಡ್ ಅಲ್ಲದೆ ಇನ್ನೇನು? ಆದರೆ ಜಾರುವ ವೇಗವನ್ನು ಬದಲಿಸಲು ಬರುವುದಿಲ್ಲ. ಗಾಯಕರು ಭೈರವ್‌ನ ಕೋಮಲ ರಿಷಭವನ್ನು ತೂಗಿಸುವ ಹಾಗೆ ಆ ಯಂತ್ರ ತೂಗಿಸಲಾರದು. ಯಂತ್ರದ ಈ ಮೊಂಡುತನವನ್ನು ಒಪ್ಪಿಕೊಂಡು, ರಾಗ ಕೆಡದಂತೆ ಕಾಪಾಡಿ, ಡಿಸ್ಕೋ ತಾಳವನ್ನೂ ಓಡಿಸಿದರಲ್ಲ, ಆ ಜಾಣ್ಮೆಯನ್ನು ಯಾರೂ ಕೇಳುವುದಿಲ್ಲ. ‘ನಾವೇ ಮೊದಲು’ ಎಂಬ ಒಂದು ಗೆಲುವಿಗೆ ಮಾತ್ರ ಅವರ ಹೆಸರು ಬೇಕು. 2015ರಲ್ಲಿ ಅವರು ತೀರಿಕೊಂಡರು. ದಯವಿಟ್ಟು ಆ ಯಮನ್, ಕಲಾವತಿಗಳನ್ನು ರಾಗವೆಂದು ಕೇಳಿ, ಪದಕವೆಂದು ಅಲ್ಲ.

ಕೆಲ್ಲಿ ಹ್ಯಾಂಡ್ ಅವರ ವಿಷಯಕ್ಕೆ ಬಂದರೆ ಕೋಪಕ್ಕಿಂತ ದುಃಖ ಹೆಚ್ಚು. 1990ರಲ್ಲೇ ತಮ್ಮದೇ ಲೇಬಲ್ ಶುರುಮಾಡಿ, ಬಳಿಕ ಅದಕ್ಕೆ ತಾವಿದ್ದ ಬೀದಿಯ ನೆನಪಿನಲ್ಲಿ ಅಕೇಶಿಯಾ ಎಂದು ಹೆಸರಿಟ್ಟ ಹೆಣ್ಣುಮಗಳು. ಬರೆದದ್ದು, ನುಡಿಸಿದ್ದು, ಅಚ್ಚು ಹಾಕಿಸಿದ್ದು, ಮಾರಿದ್ದು ಎಲ್ಲ ಆಕೆಯೇ. 1994ರಲ್ಲಿ ಬ್ರಿಟನ್‌ನ ವಾರ್ಪ್ ಲೇಬಲ್ ಆಕೆಯ ‘ಗ್ಲೋಬಲ್ ವಾರ್ನಿಂಗ್’ ಹೊರತಂದಿತು. ಡೆಟ್ರಾಯಿಟ್ ನಗರಸಭೆ ಆಕೆಯನ್ನು ಸನ್ಮಾನಿಸಿದ್ದು 2017ರಲ್ಲಿ. 2021ರ ಆಗಸ್ಟ್‌ನಲ್ಲಿ ಆಕೆ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಕಾಲುಭಾಗ ಬದುಕಿದ್ದಾಗ ಬಂದಿದ್ದರೆ! ಎಲೆಮರೆಯವರ ಬಗ್ಗೆ ನನ್ನನ್ನು ಕೇಳುವವರು ಬಹಳ ಸಲ ‘ಮಹಿಳೆಯರಲ್ಲಿ ಯಾರಾದರೂ?’ ಎಂದು ಕೊನೆಯಲ್ಲಿ ಸೇರಿಸುತ್ತಾರೆ. ಮಹಿಳೆಯರಲ್ಲಿ ಅಲ್ಲ, ಒಟ್ಟು ಡೆಟ್ರಾಯಿಟ್‌ನಲ್ಲಿ ಆಕೆ ಮೊದಲ ಸಾಲಿನವರು.

ಇಷ್ಟೆಲ್ಲ ಕೇಳುವವರು ಒಮ್ಮೆಯಾದರೂ ‘ಹಣ ಯಾರ ಕೈ ಸೇರಿತು?’ ಎಂದು ಕೇಳಬಾರದೇ? ಷಿಕಾಗೋದ ಲ್ಯಾರಿ ಹರ್ಡ್ ಅವರನ್ನು ತೆಗೆದುಕೊಳ್ಳಿ. ಅವರ ಹೆಸರು ಎಲೆಮರೆಯಲ್ಲಿಲ್ಲ. 1986ರ ‘ಕ್ಯಾನ್ ಯೂ ಫೀಲ್ ಇಟ್’ ಗೊತ್ತಿಲ್ಲದ ಹೌಸ್ ಕೇಳುಗರಿಲ್ಲ. ಹಾಗಿದ್ದರೂ ತಮಗೆ ಬರಬೇಕಾದ ರಾಯಧನ ಬಂದಿಲ್ಲವೆಂದು ಅವರು ಗಾಯಕ ರಾಬರ್ಟ್ ಓವೆನ್ಸ್ ಅವರೊಡನೆ ಟ್ರ್ಯಾಕ್ಸ್ ರೆಕಾರ್ಡ್ಸ್ ಎಂಬ ಲೇಬಲ್ ವಿರುದ್ಧ 2020ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2022ರಲ್ಲಿ ರಾಜಿಯಾಗಿ ಹಾಡುಗಳ ಹಕ್ಕು ಮರಳಿತು. ಎಲ್ಲರಿಗೂ ಗೊತ್ತಿರುವವರ ಪಾಡೇ ಹೀಗಾದರೆ, ಗೊತ್ತಿಲ್ಲದವರದ್ದು ಏನಾಗಿರಬೇಡ? ಶಾಕಿರ್, ಹ್ಯಾಂಡ್ ಇಬ್ಬರೂ ಸ್ವಂತ ಲೇಬಲ್ ಕಟ್ಟಿದ್ದನ್ನು ನಾನು ಈ ಬೆಳಕಿನಲ್ಲಿ ನೋಡುತ್ತೇನೆ. ಪ್ರಚಾರ ಕಡಿಮೆಯಾದರೂ ಹಾಡು ತಮ್ಮದಾಗಿ ಉಳಿಯುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆಯೂ ಇದೆ: ಕೈಹಿಡಿದು ನಡೆಸಿದವರು ಯಾರು? ಡೆಟ್ರಾಯಿಟ್‌ನ ಲೆಕ್ಕವಿಲ್ಲದಷ್ಟು ರೆಕಾರ್ಡುಗಳ ಮೂಲ ಅಚ್ಚನ್ನು ಕೊರೆದುಕೊಟ್ಟವರು ರಾನ್ ಮರ್ಫಿ. ಆ ರೆಕಾರ್ಡುಗಳ ಗೀರುಗಳು ಮುಗಿಯುವಲ್ಲಿ, ನಡುವಿನ ಚೀಟಿಯ ಪಕ್ಕದ ನುಣುಪು ಜಾಗದಲ್ಲಿ, ಎನ್‌ಎಸ್‌ಸಿ ಎಂಬ ಅವರ ಸಂಸ್ಥೆಯ ಗುರುತು ಕೈಬರಹದಲ್ಲಿ ಕಾಣುತ್ತದೆ. ದೀಪಕ್ಕೆ ಓರೆಯಾಗಿ ಹಿಡಿದರೆ ಓದಬಹುದು. ಮೈಕ್ ಹಕಬಿಯವರು ರೆಕಾರ್ಡ್ ಟೈಮ್ ಎಂಬ ಅಂಗಡಿಯಲ್ಲಿ ನಿಂತು ಗಿರಾಕಿಗಳಿಗೆ ಯಾವುದನ್ನು ಕೇಳಬೇಕೆಂದು ಹೇಳಿಕೊಟ್ಟವರು. ಬಳಿಕ ಯೂತ್‌ವಿಲ್ ಎಂಬ ಕೇಂದ್ರದಲ್ಲಿ ನಗರದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವುದನ್ನು ಕಲಿಸಿದರು. ಅವರ ಶಿಷ್ಯ ಕೈಲ್ ಹಾಲ್ ಇಂದು ಸ್ವತಃ ಹೆಸರಾದ ಪ್ರೊಡ್ಯೂಸರ್. 2020ರ ಏಪ್ರಿಲ್‌ನಲ್ಲಿ, ಕೋವಿಡ್‌ನ ಮೊದಲ ಅಲೆಯಲ್ಲೇ, ಹಕಬಿ ತೀರಿಕೊಂಡರು. ಅವರ ‘ಮೈ ಲೈಫ್ ವಿತ್ ದ ವೇವ್’ ಇಡಿಯಾಗಿ ಒಂದೇ ಸಿಂಥಸೈಸರಿನ ಧ್ವನಿಯಿಂದ ಕಟ್ಟಿದ ಕೆಲಸ. ಅದನ್ನು ಪೂರ್ತಿ ಕೇಳಿ ಬಂದವರ ಜೊತೆ ಎಷ್ಟು ಹೊತ್ತು ಬೇಕಾದರೂ ಮಾತನಾಡುತ್ತೇನೆ.