ಇಲ್ಲಿಂದ ಇಲ್ಲಿಗೆ

ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಆ ವರ್ಷ ಮೊದಲ ಬಿಎಗೆ ಪಾವಗಡ ಕಡೆಯ ಹುಡುಗನೊಬ್ಬ ಸೇರಿದ್ದ. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಎರಡನೇ ಬೆಂಚು, ಕಿಟಕಿ ಪಕ್ಕ ಅವನ ಜಾಗ. ಬಿಳಿ ಕೋಲನ್ನು ಮಡಚಿ ಬ್ಯಾಗಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ಅವತ್ತು ಬೇಡಿಕೆ ರೇಖೆಯ ಪಾಠ. ಬೋರ್ಡಿನ ಮೇಲೆ ಗೆರೆ ಎಳೆದು, "ನೋಡಿ, ಇದು ಇಲ್ಲಿಂದ ಹೀಗೆ ಇಲ್ಲಿಗೆ ಬರುತ್ತೆ" ಅಂದೆ. ಹನ್ನೆರಡು ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದ್ದೇನೆ. ತಕ್ಷಣ ಅವನ ನೆನಪಾಯಿತು. ಪಕ್ಕದಲ್ಲಿ ಕೂತವನನ್ನು ಕೇಳಿದೆ: "ಏನಪ್ಪಾ, ಇವನಿಗೆ ಅರ್ಥ ಆಯ್ತಂತಾ?"

ಪಕ್ಕದವನು ತಬ್ಬಿಬ್ಬಾದ. ಇವನೇ ಎದ್ದು ನಿಂತ. "ಮೇಡಮ್, ನಂಗೆ ಕಿವಿ ಚೆನ್ನಾಗಿ ಕೇಳುತ್ತೆ. ನನ್ನನ್ನೇ ಕೇಳಿ." ದನಿಯಲ್ಲಿ ಕೋಪ ಇರಲಿಲ್ಲ. ಬಸ್ಸಿನ ಕಂಡಕ್ಟರುಗಳಿಗೆ ಹೇಳಿ ಹೇಳಿ ರೂಢಿಯಾದ ಮಾತಿನ ಹಾಗಿತ್ತು.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ನಾನು ಮುಜುಗರ ಮುಚ್ಚಿಕೊಳ್ಳೋಕೆ ಹೋಗಿ, "ಟೆಸ್ಟಿನಲ್ಲಿ ಪಾಪ ಇವನಿಗೆ ಜಾಸ್ತಿ ಟೈಮ್ ಕೊಡ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ" ಅಂದುಬಿಟ್ಟೆ. ಅವನು ಸುಮ್ನೆ ಕೂತ.

ಈ 'ಪಾಪ' ನಮ್ಮ ಬಾಯಲ್ಲಿ ಎಷ್ಟು ಸಲೀಸು! ಕಾಲು ಉಳುಕಿದ ಕರುವಿಗೂ ಪಾಪ, ಬಸ್ ತಪ್ಪಿಸಿಕೊಂಡವರಿಗೂ ಪಾಪ. ಆದರೆ ಲಿಖಿತ ಪರೀಕ್ಷೆಯಲ್ಲಿ ಅವನಂಥವರಿಗೆ ಗಂಟೆಗೆ ಕಡಿಮೆ ಅಂದರೂ 20 ನಿಮಿಷ ಹೆಚ್ಚು ಕೊಡಬೇಕು ಅಂತ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲೇ ಇತ್ತು. ನಾನೋ ಅದನ್ನು ನನ್ನ ಮನೆಯ ಕಣಜದಿಂದ ಅಳೆದುಕೊಡುವವಳ ಹಾಗೆ ಅರವತ್ತು ಜನರ ಮುಂದೆ ಸಾರಿದ್ದೆ.

ಮಧ್ಯಾಹ್ನ ಮೆಟ್ಟಿಲ ಹತ್ತಿರ ಸಿಕ್ಕ. ಇಳಿಸೋಣ ಅಂತ ಹಿಂದಿನಿಂದ ಹೋಗಿ ತೋಳು ಹಿಡಿದೆ. ಬೆಚ್ಚಿಬಿದ್ದ. ಒಂದೇ ದಿನಕ್ಕೆ ಮೂರನೇ ತಪ್ಪು.

"ಯಾರು ಅಂತ ಮೊದಲು ಹೇಳಿಬಿಡಿ ಮೇಡಮ್. ಬೇಕಾದ್ರೆ ನಾನೇ ನಿಮ್ಮ ಮೊಣಕೈ ಹಿಡ್ಕೋತೀನಿ. ನೀವು ಒಂದು ಮೆಟ್ಟಿಲು ಇಳಿದ್ರೆ ನಂಗೆ ಕೈಯಲ್ಲೇ ಗೊತ್ತಾಗುತ್ತೆ. ಹಿಡಿದು ತಳ್ಳಿದ್ರೆ ಏನೂ ಗೊತ್ತಾಗಲ್ಲ."

ಹಾಗೇ ಇಳಿದೆವು. ಕೆಳಗೆ ಕಟ್ಟೆ ಮೇಲೆ ಕೂತು ಕ್ಷಮೆ ಕೇಳಿದೆ. ಮಾತಿನ ಮಧ್ಯೆ 'ನೋಡು' ಅಂತ ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಅವನಿಗೆ ನಗು. "ನಿನ್ನೆ ಮ್ಯಾಚ್ ನೋಡಿದ್ರಾ ಮೇಡಮ್? ನಾನು ಕೊನೇ ಓವರ್‌ವರೆಗೂ ನೋಡಿದೆ."

ನೋಟ್ಸ್ ವಿಚಾರವೂ ಬಂತು. ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದೆನಲ್ಲ, ಓದಿಕೊಂಡಿರುತ್ತಾನೆ ಅಂದುಕೊಂಡಿದ್ದೆ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತನ್ನ ಫೋನ್ ತೆಗೆದು ಕೇಳಿಸಿದ. ನಾನು ಟೈಪ್ ಮಾಡಿದ್ದು ಹಳೇ ನುಡಿ ಫಾಂಟಿನಲ್ಲಿ. ನಮಗೆ ತೆರೆಯ ಮೇಲೆ ಕನ್ನಡ ಕಾಣುತ್ತೆ, ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೋನು ಅದನ್ನೇ ಪಟಪಟ ಓದಿತು. ಎರಡು ತಿಂಗಳಿಂದ ಅವನಿಗೆ ಸಿಕ್ಕಿದ್ದು ಅದು. ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಲಿಲ್ಲ" ಅನ್ನಲಿಲ್ಲ, ಭುಜ ಕುಣಿಸಿದ ಅಷ್ಟೇ. ಅವತ್ತು ರಾತ್ರಿಯೇ ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಫೋನು ಕನ್ನಡವನ್ನು ಕನ್ನಡವಾಗಿಯೇ ಓದಬಲ್ಲ ಅಕ್ಷರಕ್ಕೆ, ಬದಲಾಯಿಸಿ ಕಳಿಸಿದೆ. ಒತ್ತಕ್ಷರ ಅಲ್ಲಲ್ಲಿ ಕೆಟ್ಟಿದ್ದವು, ತಿದ್ದುವಷ್ಟರಲ್ಲಿ ಹನ್ನೊಂದೂವರೆ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು, "5% ಸೀಟು ಮೀಸಲು ಇದೆಯಲ್ಲಮ್ಮಾ, ಇನ್ನೇನು ಬೇಕಂತೆ?" ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದು ಇದೆ, ನಿಜ. ಆದರೆ ಸೀಟು ಸಿಕ್ಕ ಮೇಲೆ ಅವನು ದಿನಾ ಕೂರಬೇಕಾದ್ದು ನನ್ನ ಕ್ಲಾಸಿನಲ್ಲಿ ಅಲ್ವಾ?

ಮಾರನೇ ದಿನ ಅದೇ ರೇಖೆ. ಈ ಸಲ ಬಾಯಲ್ಲಿ ಬಿಡಿಸಿದೆ. "ನಿಂತ ಗೆರೆ ಕೊಬ್ಬರಿಯ ಬೆಲೆ. ಮಲಗಿದ ಗೆರೆ ಎಷ್ಟು ಕೊಳ್ತಾರೆ ಅನ್ನೋದು. ನಮ್ಮ ರೇಖೆ ಎಡಗಡೆ ಮೇಲಿಂದ ಹೊರಟು ಬಲಗಡೆಗೆ ಇಳಿಯುತ್ತೆ." ಅವನ ತೋರುಬೆರಳು ಡೆಸ್ಕಿನ ಮೇಲೆ ಮೆಲ್ಲಗೆ ಓರೆಯಾಗಿ ಜಾರಿತು. "ದೇವರಾಯನದುರ್ಗದಿಂದ ಬಸ್ ಇಳಿಯೋ ಥರ?" ಅಂದ. ಹೌದು ಅಂದೆ.

ಹನ್ನೆರಡು ವರ್ಷದ ಅಭ್ಯಾಸ ಒಂದು ವಾರಕ್ಕೆ ಹೋಗುತ್ತಾ? ಪೂರೈಕೆ ರೇಖೆಯ ದಿನ ಚಾಕ್‌ಪೀಸ್ ಎತ್ತಿದವಳೇ, "ಇದು ಇಲ್ಲಿಂದ ಇಲ್ಲಿಗೆ" ಅಂದೆ.

"ಎಲ್ಲಿಂದ ಎಲ್ಲಿಗೆ ಮೇಡಮ್?" ಎರಡನೇ ಬೆಂಚಿನಿಂದ ದನಿ ಬಂತು.